ಪಿ.ಎಫ್. ಹಣವನ್ನು ನಾವೇ ಹೂಡಬೇಕೇ?

ಜೂಜುವಾಡಿ ಸಿಪ್‌ಕಾಟ್ ಕಾರ್ಖಾನೆಗಳಿಗೆ ತೊಂಬತ್ತರ ದಶಕದಲ್ಲಿ ಸೇರಿದ ಕಾರ್ಮಿಕ ಬಾಂಧವರು ಈಗ ಒಬ್ಬೊಬ್ಬರಾಗಿ 58ರ ಹತ್ತಿರ ಬರುತ್ತಿದ್ದಾರೆ. ಅವರ ನಡುವೆ ಒಂದು ಪ್ರಶ್ನೆ ಓಡಾಡುತ್ತಿದೆ. ನಿವೃತ್ತಿಗೆ ಮುಂಚೆಯೇ ಪಿ.ಎಫ್. ಹಣವನ್ನು ಆದಷ್ಟು ತೆಗೆದು ಷೇರಿನಲ್ಲೋ ಸೈಟಿನಲ್ಲೋ ನಾವೇ ಹೂಡಿದರೆ ಹೆಚ್ಚು ಬೆಳೆಯದೇ? ತೆಗೆಯಬಾರದೆಂಬುದು ನಮ್ಮ ಅಭಿಪ್ರಾಯ.

ಕೇಳುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಹಣ ನಮ್ಮದು, ಆದರೆ ಅದನ್ನು ಎಲ್ಲಿ ಹೂಡಬೇಕೆಂದು ಕೇಂದ್ರ ಟ್ರಸ್ಟಿಗಳ ಮಂಡಳಿ ತೀರ್ಮಾನಿಸುತ್ತದೆಯೇ ಹೊರತು ನಮ್ಮನ್ನು ಕೇಳುವುದಿಲ್ಲ. ಅದೇ ಮಂಡಳಿ 2015ರ ಆಗಸ್ಟ್‌ನಿಂದ ಹೊಸದಾಗಿ ಬರುವ ಹಣದ ಒಂದು ಪಾಲನ್ನು ಷೇರು ಪೇಟೆಗೆ ಹಾಕುತ್ತಾ ಬಂದಿದೆ. ಮೊದಲು ಶೇಕಡಾ 5, ಎರಡು ವರ್ಷದ ಮೇಲೆ ಶೇಕಡಾ 15. ಅವರು ಹಾಕಬಹುದಾದರೆ ನಾವೇಕೆ ಹಾಕಬಾರದು ಎನ್ನುತ್ತಾರೆ.

ಮಂಡಳಿಗೆ 58 ತುಂಬುವುದಿಲ್ಲ, ಅದಕ್ಕೆ. ಪೇಟೆ ಬಿದ್ದರೆ ಅದು ಕಾಯಬಲ್ಲದು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 9,000ಕ್ಕಿಂತ ಕೆಳಗಿಳಿಯಿತು. ಮತ್ತೆ 21,000 ಕಾಣಲು 2010ರ ನವೆಂಬರ್ ಬರಬೇಕಾಯಿತು. ಮೂವತ್ತರ ಹರೆಯದವನಿಗೆ ಇದು ದೊಡ್ಡ ಅವಧಿಯಲ್ಲ. ಸಂಬಳ ನಿಂತವನಾದರೋ ಆ ನಡುವೆ ಮಗಳ ಮದುವೆಗೋ ಆಸ್ಪತ್ರೆಗೋ ಸಿಕ್ಕ ಬೆಲೆಗೆ ಮಾರಲೇಬೇಕು.

ನಮಗೆ ಸರ್ಕಾರಿ ನೌಕರರ ಪಿಂಚಣಿಯಿಲ್ಲ ಎಂಬುದನ್ನು ಮರೆಯಬಾರದು. 1995ರ ಪಿಂಚಣಿ ಯೋಜನೆಯಲ್ಲಿ 15,000 ರೂಪಾಯಿ ಮಿತಿಯ ಮೇಲೆ ಕಟ್ಟಿದವರು 30 ವರ್ಷ ದುಡಿದರೂ ತಿಂಗಳಿಗೆ ಏಳು ಸಾವಿರ ಮುಟ್ಟದು. ಕನಿಷ್ಠ ಪಿಂಚಣಿ 2014ರಲ್ಲಿ ಗೊತ್ತಾದದ್ದು ಸಾವಿರ ರೂಪಾಯಿ! ಹೀಗಿರುವಾಗ ಮುಪ್ಪಿನ ಗಂಜಿಗೆ ಇರುವುದು ಪಿ.ಎಫ್. ಒಂದೇ. 2023-24 ಮತ್ತು 2024-25 ಎರಡು ಸಾಲಿಗೂ ಅದಕ್ಕೆ ಶೇಕಡಾ 8.25 ಬಡ್ಡಿ ಬಂದಿದೆ.

ಇದಕ್ಕಿಂತ ಹೆಚ್ಚು ಕೊಡುತ್ತೇವೆನ್ನುವವರು ಗೇಟಿನ ಬಳಿಗೇ ಬರುತ್ತಾರೆ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಬಡ್ಡಿಯನ್ನು ನಂಬಿ ಹಣವಿಟ್ಟ ನಿವೃತ್ತರಿಗೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿದ್ದಾಗ ತೆಗೆಯಲು ಸಿಕ್ಕದ್ದು 35,000 ರೂಪಾಯಿ ಮಾತ್ರ. ಅವರು ನಮಗಿಂತ ಹೆಚ್ಚು ಓದಿದವರು. ಇನ್ನು ಬಾಗಲೂರು ರಸ್ತೆಯ ಸೈಟು: ಬೆಲೆ ಏರೀತು, ಆದರೆ ಸೈಟು ತಿಂಗಳ ಅಕ್ಕಿ ತರುವುದಿಲ್ಲ.

ತಲಾಂತುಗಳ ಸಾಮತಿಯನ್ನು ತೆಗೆದು, ಹಣವನ್ನು ಹೂತಿಡಬಾರದೆಂದು ನಮಗೇ ಬೋಧಿಸುವವರೂ ಇದ್ದಾರೆ. ಆ ಆಳುಗಳು ವ್ಯಾಪಾರಕ್ಕಿಳಿಸಿದ್ದು ಧಣಿಯ ಹಣವನ್ನು.

2025ರ ಅಕ್ಟೋಬರ್‌ನಲ್ಲಿ ಮಂಡಳಿಯು ಕಾಲುಭಾಗ ಖಾತೆಯಲ್ಲಿ ಉಳಿಯಲೇಬೇಕು, ಉಳಿದದ್ದನ್ನು ಕಾರಣ ಹೇಳದೆಯೂ ತೆಗೆಯಬಹುದು ಎಂದು ತೀರ್ಮಾನಿಸಿತು. ನಮ್ಮವರು ಕಾಲುಭಾಗಕ್ಕಾಗಿ ಗೊಣಗಿದರು. ನಮಗೆ ಹೆದರಿಕೆಯಾದದ್ದು ಮುಕ್ಕಾಲು ಭಾಗಕ್ಕೆ.

ಷೇರು, ಮ್ಯೂಚುವಲ್ ಫಂಡ್ ಕಲಿಯಬೇಕೆನ್ನುವ ತರುಣರು ಧಾರಾಳವಾಗಿ ಕಲಿಯಲಿ. ಬೋನಸ್ಸಿನಲ್ಲಿ ಒಂದು ಪಾಲು ಇಟ್ಟು, ಹತ್ತು ವರ್ಷ ಮುಟ್ಟದೆ. ಐವತ್ತೈದು ದಾಟಿದವರು ಮಾತ್ರ ಪಿ.ಎಫ್. ಅನ್ನು ಕೊನೆಯ ದಿನದವರೆಗೆ ಇದ್ದಲ್ಲೇ ಬಿಡಲಿ, ಅಷ್ಟರೊಳಗೆ ಗಂಡ ಹೆಂಡತಿ ಇಬ್ಬರೂ ಕೂತು ತಿಂಗಳ ಖರ್ಚನ್ನು ಹಾಳೆಯ ಮೇಲೆ ಬರೆಯಲಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2025ರಲ್ಲಿ ಶೇಕಡಾ 8.2 ಬಡ್ಡಿಯಿತ್ತು, ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ. ಅರವತ್ತಾಗದಿದ್ದರೂ 55 ದಾಟಿ ನಿವೃತ್ತರಾದವರು ಸೇರಬಹುದು, ಆದರೆ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು.