ಪಾದಕ್ಕೆರಗುವ ನಾವು ಪಾದವನ್ನು ನೋಡುವುದೆಂದು?

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರ ಭಾನುವಾರದ ಕರ್ತವ್ಯಗಳಲ್ಲಿ ಊರಿನ ತಂದೆತಾಯಿಯರೊಡನೆ ವಿಡಿಯೊ ಕರೆಯೂ ಒಂದು. ಊಟ, ನಿದ್ರೆ, ಮಾತ್ರೆ, ಸಕ್ಕರೆಯ ಅಂಕಿ ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ಆ ಪರದೆಯಲ್ಲಿ ಕಾಣುವುದು ಮುಖ ಮಾತ್ರ, ಕಾಲಲ್ಲ. ವೃದ್ಧರನ್ನೂ ಮಧುಮೇಹಿಗಳನ್ನೂ ಬಹುಕಾಲ ನರಳಿಸುವ ಒಂದು ವ್ಯಾಧಿ ಮಾತ್ರ ಅಡಗಿ ಕುಳಿತಿರುವುದು ಕಾಲಿನಲ್ಲಿಯೇ.

ಮಾಯದ ಕಾಲಿನ ಹುಣ್ಣು ಅಪರೂಪದ ಸಂಗತಿಯಲ್ಲ. ಬ್ರಿಟನ್ನಿನಲ್ಲಿ ಸುಮಾರು 500 ಜನರಲ್ಲಿ ಒಬ್ಬರಿಗೆ ಸಿರೆಗಳ ದೋಷದಿಂದಾದ ಕಾಲಿನ ಹುಣ್ಣು ಇದೆಯೆಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಅಂದಾಜು. 80 ವರ್ಷ ದಾಟಿದವರಲ್ಲಿ ಇದು 50ಕ್ಕೆ ಒಬ್ಬರಂತೆ. ಮಧುಮೇಹಿಗಳಲ್ಲಂತೂ ಜೀವಿತಾವಧಿಯಲ್ಲಿ ಶೇ. 19ರಿಂದ 34ರಷ್ಟು ಮಂದಿಗೆ ಪಾದದ ಹುಣ್ಣಾಗಬಹುದೆಂದು 2017ರಲ್ಲಿ ಪ್ರಕಟವಾದ ಪ್ರಸಿದ್ಧ ವೈದ್ಯಕೀಯ ಸಮೀಕ್ಷಾ ಲೇಖನವೊಂದು ಹೇಳುತ್ತದೆ. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆಯೆಂಬುದನ್ನು ಇದರೊಡನೆ ಓದಿಕೊಂಡರೆ ಸಮಸ್ಯೆಯ ಗಾತ್ರ ತಿಳಿದೀತು.

ಎಲ್ಲ ಹುಣ್ಣುಗಳೂ ಒಂದೇ ಬಗೆಯವಲ್ಲ. ಸಿರೆಗಳ ಕವಾಟಗಳು ಸಡಿಲಗೊಂಡಾಗ ರಕ್ತ ಮೇಲೇರದೆ ಕಾಲಿನಲ್ಲಿಯೇ ನಿಂತು, ಪಾದದ ಗಂಟಿನ ಒಳಮಗ್ಗುಲಲ್ಲಿ ಚರ್ಮ ಕಪ್ಪಾಗಿ ಒಡೆಯುತ್ತದೆ. ಇದಕ್ಕೆ ಮುಖ್ಯ ಚಿಕಿತ್ಸೆ ಮುಲಾಮಲ್ಲ, ಕಂಪ್ರೆಷನ್ ಬ್ಯಾಂಡೇಜ್ ಎಂಬ ಬಿಗಿಪಟ್ಟಿ. ಅದನ್ನು ಕಟ್ಟುವ ಮುನ್ನ ಅಪಧಮನಿಯ ರಕ್ತಸಂಚಾರ ಸರಿಯಿದೆಯೇ ಎಂದು ಪರೀಕ್ಷಿಸಲೇಬೇಕು. ಮಧುಮೇಹದ ಹುಣ್ಣಿನ ಕಥೆ ಬೇರೆ. ಅಲ್ಲಿ ನರಗಳು ಸ್ಪರ್ಶವನ್ನು ಕಳೆದುಕೊಳ್ಳುತ್ತವೆ. ಚಪ್ಪಲಿಯ ಮೊಳೆ ಚುಚ್ಚಿದರೂ, ಬಿಸಿನೀರಿನ ಚೀಲ ಸುಟ್ಟರೂ ಅರಿವಾಗುವುದಿಲ್ಲ. ನೋವಿಲ್ಲವೆಂಬುದೇ ಇಲ್ಲಿ ಅಪಾಯದ ಸೂಚನೆ.

ಈ ಸತ್ಯವನ್ನು ಜಗತ್ತಿಗೆ ಮನಗಾಣಿಸಿದ ವೈದ್ಯರಲ್ಲೊಬ್ಬರು ನಮ್ಮ ನೆರೆಯ ವೆಲ್ಲೂರಿನಲ್ಲಿ ದುಡಿದವರು. 1940ರ ದಶಕದಲ್ಲಿ ಅಲ್ಲಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಅಂಗಹಾನಿಗೆ ನೋವಿನ ಅರಿವಿಲ್ಲದಿರುವುದೇ ದೊಡ್ಡ ಕಾರಣವೆಂದು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಅದೇ ತಿಳಿವನ್ನು ಮಧುಮೇಹಿಗಳ ಪಾದರಕ್ಷಣೆಗೂ ಅನ್ವಯಿಸಿದರು.

ಬ್ರಿಟನ್ನಿನಲ್ಲಿ ಮಧುಮೇಹಿಗಳ ಪಾದವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂಬ ನಿಯಮವಿದೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದಕ್ಕೆ ಮುಟ್ಟಿಸಿ, ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ನಿಮಿಷಗಳ ಕೆಲಸ, ಅತ್ಯಲ್ಪ ವೆಚ್ಚ. ವಾಯವ್ಯ ಇಂಗ್ಲೆಂಡಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯುರೋಪಿಯನ್ ಮೂಲದ ಮಧುಮೇಹಿಗಳಿಗಿಂತ ದಕ್ಷಿಣ ಏಷ್ಯಾದವರಲ್ಲಿ ಪಾದದ ಹುಣ್ಣು ಕಡಿಮೆ ಕಂಡುಬಂದಿತ್ತು. ಇದು ಸಮಾಧಾನದ ಮಾತೇ ಸರಿ. ಆದರೆ ಅಲ್ಲಿ ಪಾದಪರೀಕ್ಷೆಯ ವ್ಯವಸ್ಥೆಯಿತ್ತೆಂಬುದನ್ನು ಮರೆಯಲಾಗದು. ಬರಿಗಾಲಿನಲ್ಲಿ ಗದ್ದೆಗೆ ಇಳಿಯುವ, ಕಾದ ಕಲ್ಲಿನ ಮೇಲೆ ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ನಮ್ಮ ಹಿರಿಯರಿಗೆ ಅದೇ ಭರವಸೆಯನ್ನು ಹಾಗೆಯೇ ಅನ್ವಯಿಸುವುದು ಸಲ್ಲದು.

ನನ್ನ ಅಭಿಪ್ರಾಯವಿಷ್ಟೆ. ಊರಿಗೆ ಹಣ ಕಳುಹಿಸುವುದು, ಗ್ಲುಕೊಮೀಟರ್ ಕೊಂಡೊಯ್ಯುವುದು ನಮಗೆ ರೂಢಿಯಾಗಿದೆ. ಪಾದವನ್ನು ವಿಚಾರಿಸುವುದು ರೂಢಿಯಾಗಿಲ್ಲ. ಹುಣ್ಣನ್ನು ಮುಚ್ಚಿಡುವ ಸಂಕೋಚ ಹಿರಿಯರದು, ಕೇಳಲಾಗದ ಸಂಕೋಚ ನಮ್ಮದು. ಈ ಎರಡು ಸಂಕೋಚಗಳ ನಡುವೆ ಬೆರಳು, ಕೆಲವೊಮ್ಮೆ ಕಾಲೇ ಹೋಗುತ್ತದೆ. ಮಧುಮೇಹದಿಂದಾಗುವ ಅಂಗಚ್ಛೇದಗಳಲ್ಲಿ ಬಹುಪಾಲಿಗೆ ಮೊದಲು ಇದ್ದದ್ದು ಒಂದು ಸಣ್ಣ ಹುಣ್ಣು ಮಾತ್ರ.

ಮುಂದಿನ ಕರೆಯಲ್ಲಿ ಫೋನನ್ನು ಒಂದು ಕ್ಷಣ ಕೆಳಗಿಳಿಸಲು ಹೇಳಿ. ಅಂಗಾಲು, ಬೆರಳುಸಂದುಗಳನ್ನು ತೋರಿಸಲು ಕೇಳಿ. ಎರಡು ವಾರ ಕಳೆದರೂ ಮಾಯದ ಗಾಯವಿದ್ದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಕಳುಹಿಸಿ. ಮಧುಮೇಹಿಗಳಾದರೆ ಒಂದು ದಿನವೂ ತಡ ಮಾಡಬೇಡಿ. ಊರಿನ ವೈದ್ಯರೂ ಸಕ್ಕರೆಯ ಚೀಟಿಯನ್ನು ಓದಿ ಮುಗಿಸುವ ಮೊದಲು ರೋಗಿಯ ಚಪ್ಪಲಿ ಬಿಚ್ಚಿಸಿ ನೋಡುವಂತಾಗಬೇಕು. ಹಿರಿಯರ ಪಾದ ಮುಟ್ಟಿ ನಮಸ್ಕರಿಸುವ ಸಂಸ್ಕಾರ ನಮ್ಮದು. ಅದೇ ಪಾದವನ್ನು ಕಣ್ತೆರೆದು ನೋಡುವುದೂ ಆ ನಮಸ್ಕಾರದ ಭಾಗವಾಗಲಿ.