ಗುಳಿಗೆ ಕೊಟ್ಟು ಕಳಿಸಿದರೆ ಕೆಲಸ ಮುಗಿಯಿತೇ?

ಈ ಸಲದ ಮಾತು ಗಡಿಯದ್ದಲ್ಲ, ನೀರಿನದ್ದಲ್ಲ, ನಾಮಫಲಕದ್ದೂ ಅಲ್ಲ. ನನ್ನ ಮುದ್ರಣಾಲಯದ ಬೈಂಡಿಂಗ್ ಮೇಜಿನ ಮುಂದೆ ಖಾಲಿ ಬಿದ್ದಿರುವ ಒಂದು ಸ್ಟೂಲಿನದ್ದು.

ಆ ಸ್ಟೂಲಿನ ಮೇಲೆ ಹನ್ನೊಂದು ವರ್ಷ ಕೂತು ಕಾಗದ ಮಡಚಿದ ಹೆಣ್ಣುಮಗಳು ಈಗ ಇಲ್ಲ. ಅವಳ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವಳು ಬಚ್ಚಿಟ್ಟ ಗುಟ್ಟನ್ನು ಸತ್ತ ಮೇಲೆ ನಾನು ಅಚ್ಚು ಹಾಕಬಾರದು. ಏಳನೇ ಕ್ಲಾಸು ಓದಿದ್ದಳು. ನನ್ನ ಕಣ್ಣು ತಪ್ಪಿದ ಒತ್ತಕ್ಷರವನ್ನು ಪ್ರೂಫಿನಲ್ಲಿ ಎಷ್ಟೋ ಸಲ ಅವಳೇ ಹಿಡಿದಿದ್ದಾಳೆ. ಗಂಡನಿಂದ ಎಚ್‌ಐವಿ ಬಂತು. ಗಂಡ ಹೋದ. ಇವಳು ತಿಂಗಳಿಗೊಂದು ದಿನ ರಜೆ ಹಾಕಿ, ಬಸ್ಸು ಹತ್ತಿ, ಗುಳಿಗೆ ತಂದು ನುಂಗಿ ಗಟ್ಟಿಯಾಗಿ ನಿಂತಳು. ಮಗಳನ್ನು ಪಿಯುಸಿ ಓದಿಸಿದಳು. ತಿಂಗಳು ತಿಂಗಳು ರಜೆ ಯಾಕಮ್ಮ ಎಂದು ಕೇಳಿದ ದಿನ ನನಗೆ ನಿಜ ಹೇಳಿದಳು. ನಾನು ಯಾರಿಗೂ ಬಾಯಿ ಬಿಡಲಿಲ್ಲ. ದೊಡ್ಡ ಉಪಕಾರ ಮಾಡಿದೆ ಎಂದು ಒಳಗೊಳಗೇ ಬೀಗಿಕೊಂಡಿದ್ದೆ.

ಅವಳನ್ನು ಕೊಂದದ್ದು ಎಚ್‌ಐವಿ ಅಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್.

ಇನ್ನು ನನ್ನ ತಪ್ಪು ಕೇಳಿ. ಅವಳು ಸಾಯುವುದಕ್ಕೆ ಮೂರು ವರ್ಷ ಮುಂಚೆ ನಮ್ಮಲ್ಲೇ ಒಂದು ಕರಪತ್ರ ಅಚ್ಚಾಯಿತು. ‘ಗರ್ಭಕಂಠ ಅರ್ಬುದ ಪತ್ತೆ ಶಿಬಿರ’. ಸಾವಿರ ಪ್ರತಿ. ಮಡಚಿದವಳು ಅವಳೇ. ‘ಅಣ್ಣಾ, ಗರ್ಭಕಂಠ ಅರ್ಬುದ ಅಂದ್ರೆ ಏನು?’ ಎಂದು ಕೇಳಿದಳು. ‘ಏನೋ ಹೆಂಗಸರ ವಿಷಯ ಕಣಮ್ಮ. ಬೇಗ ಮಡಚು, ಐದು ಗಂಟೆಗೆ ಒಯ್ಯೋಕೆ ಬರ್ತಾರೆ’ ಎಂದೆ. ಸಾವಿರ ಜನರಿಗೆ ಹೋದ ಕರೆ ಅದನ್ನು ಕೈಯಲ್ಲಿ ಹಿಡಿದಿದ್ದವಳಿಗೇ ತಲುಪಲಿಲ್ಲ. ಕನ್ನಡದಲ್ಲೇ ಇತ್ತು ಸ್ವಾಮಿ! ಅಚ್ಚಗನ್ನಡದ ಊರಿನಲ್ಲಿ ಕನ್ನಡ ಲಿಪಿಯಲ್ಲೇ ಇತ್ತು. ಆದರೆ ಅದು ಯಾರ ಮನೆಯ ಕನ್ನಡ? ನಮ್ಮ ತಾಯಂದಿರು ‘ಅರ್ಬುದ’ ಎನ್ನುತ್ತಾರೆಯೇ?

ಮುಂದೆ ರಕ್ತ ಹೋಗಲು ಶುರುವಾಯಿತು. ಮುಟ್ಟು ನಿಲ್ಲುವ ಕಾಲದ ತೊಂದರೆ ಎಂದುಕೊಂಡಳು. ಕೊನೆಗೆ ಒಂದು ಆಸ್ಪತ್ರೆಗೆ ಹೋದಳು. ಎರಡು ಪುಟದ ರಿಪೋರ್ಟು ಕೈಗೆ ಬಂತು. ಪೂರ್ತಿ ಇಂಗ್ಲಿಷು. ‘ದೊಡ್ಡ ಆಸ್ಪತ್ರೆಗೆ ತೋರಿಸು’ ಎಂದು ಗಡಿಬಿಡಿಯಲ್ಲಿ ಹೇಳಿ ಕಳಿಸಿದರು. ಆ ಕಾಗದವನ್ನು ಅವಳು ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿಟ್ಟಳು.

ಯಾಕೆ ಗೊತ್ತೇ? ಓದಿಸಲು ಯಾರಿಗೆ ಕೊಡುವುದು? ಅದರಲ್ಲಿ ಎಚ್‌ಐವಿ ಎಂದು ಬರೆದಿದ್ದರೆ? ಪಕ್ಕದ ಮನೆ ಹುಡುಗನಿಗೆ ಕೊಟ್ಟರೆ ಕೇರಿಗೆಲ್ಲ ಗೊತ್ತು. ಮಗಳಿಗೆ ಕೊಟ್ಟರೆ ಇಷ್ಟು ವರ್ಷ ಮುಚ್ಚಿಟ್ಟದ್ದು ಬಯಲು. ನನಗೆ ತೋರಿಸಲು ಸಂಕೋಚ. ಹಿಂದೊಮ್ಮೆ ಕೇಳಿದಾಗ ‘ಹೆಂಗಸರ ವಿಷಯ’ ಎಂದು ಓಡಿಸಿದವನು ನಾನೇ ತಾನೆ? ನನ್ನ ಮುಂದೆ ಅದನ್ನು ಬಿಡಿಸಿಟ್ಟಾಗ ಕಾಲ ಮಿಂಚಿತ್ತು.

ಎಚ್‌ಐವಿ ಇರುವವರ ಗುಟ್ಟು ಅವರ ಅನುಮತಿಯಿಲ್ಲದೆ ಬಯಲಾಗಬಾರದು ಎಂದು 2017ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. 2018ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಒಳ್ಳೆಯದು. ಆದರೆ ತನ್ನ ಕಾಗದವನ್ನು ತಾನೇ ಓದಲಾಗದ ಹೆಂಗಸಿಗೆ ಯಾವ ಗುಟ್ಟು? ಇನ್ನೊಬ್ಬರ ಕಣ್ಣು ಸಾಲ ಪಡೆದ ಕ್ಷಣವೇ ಅವಳ ಗುಟ್ಟು ಹೋಯಿತು. ಕನ್ನಡದಲ್ಲಿ ರಿಪೋರ್ಟು ಕೊಡಿ ಎಂದರೆ ಕೆಲವು ಡಾಕ್ಟರುಗಳು ನಗುತ್ತಾರೆ. ಇದು ಬರೀ ಅಭಿಮಾನದ ಮಾತಲ್ಲ ಮಹಾಶಯರೇ, ಒಂದು ಜೀವದ ಮಾತು.

ಈಗ ಕಾಯಿಲೆಯ ವಿಷಯ. ಹುಡುಗರೇ, ಹೆಂಗಸರದ್ದು ಎಂದು ಪುಟ ತಿರುಗಿಸಬೇಡಿ.

ಈ ಕ್ಯಾನ್ಸರ್ ತರುವುದು ಎಚ್‌ಪಿವಿ ಎಂಬ ವೈರಸ್. ಗಂಡು ಹೆಣ್ಣಿನ ಸಂಪರ್ಕದಿಂದ ಹರಡುತ್ತದೆ. ಗಂಡಸು ತನಗೇ ಗೊತ್ತಿಲ್ಲದೆ ಹೊತ್ತು ತಿರುಗುತ್ತಾನೆ, ಅನುಭವಿಸುವವಳು ಹೆಂಡತಿ. ಹೆಚ್ಚಿನ ಹೆಂಗಸರ ಮೈ ಇದನ್ನು ತಾನೇ ಓಡಿಸುತ್ತದೆ. ಓಡದೆ ಉಳಿದರೆ ಗರ್ಭಕೋಶದ ಬಾಯಿಯ ಚರ್ಮ ನಿಧಾನವಾಗಿ ಕೆಡುತ್ತಾ ಹೋಗುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆಯಿಲ್ಲದೆ ಮೈಯ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು. ಎಚ್‌ಐವಿ ಇರುವ ಹೆಂಗಸಿಗೆ ಈ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಳಿಗೆ ನುಂಗಿದರೆ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ.

ಇದೇನು ಇವತ್ತು ಗೊತ್ತಾದ ಸಂಗತಿಯಲ್ಲ. ಈ ಕ್ಯಾನ್ಸರನ್ನು ಅಮೆರಿಕದವರು 1993ರಲ್ಲೇ ಏಡ್ಸ್ ಲಕ್ಷಣಗಳ ಪಟ್ಟಿಗೆ ಸೇರಿಸಿದರು. 2008ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧ ಹೋದದ್ದು ಎಚ್‌ಪಿವಿಯಿಂದ ಈ ಕ್ಯಾನ್ಸರ್ ಬರುತ್ತದೆ ಎಂದು ತೋರಿಸಿದ ಹರಾಲ್ಡ್ ಜುರ್ ಹೌಸನ್ ಅವರಿಗೆ. ಇನ್ನರ್ಧ ಹೋದದ್ದು ಎಚ್‌ಐವಿಯನ್ನು ಕಂಡುಹಿಡಿದ ಇಬ್ಬರಿಗೆ. ನೊಬೆಲ್‌ನವರು ಎರಡು ವೈರಸ್ಸುಗಳನ್ನೂ ಒಂದೇ ವೇದಿಕೆಗೆ ತಂದರು. ನಮ್ಮ ಆಸ್ಪತ್ರೆಗಳಲ್ಲಿ ಮಾತ್ರ ಇದಕ್ಕೊಂದು ಬಾಗಿಲು, ಅದಕ್ಕೊಂದು ಬಾಗಿಲು. ನಡುವೆ ಓಡಾಡಿ ಸಾಯಬೇಕಾದವಳು ಬಡವಿ.

ಪರೀಕ್ಷೆ ಕಷ್ಟವೇ? ಅಲ್ಲ. ಅಡುಗೆಮನೆಯ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ನೀರಿಗೆ ಬೆರೆಸಿ, ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಸವರುತ್ತಾರೆ. ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗಾಗಿ ಕಾಣುತ್ತದೆ. ಆ ಜಾಗವನ್ನು ಅತಿ ತಣ್ಣನೆಯ ಅಥವಾ ಬಿಸಿಯ ಉಪಕರಣದಿಂದ ಕೆಲವೇ ನಿಮಿಷದಲ್ಲಿ ಸುಟ್ಟು ತೆಗೆಯಬಹುದು. ಇನ್ನೂ ಒಳ್ಳೆಯದು ಎಚ್‌ಪಿವಿ ಪರೀಕ್ಷೆ. ಅದಕ್ಕೆ ಬೇಕಾದ ಮಾದರಿಯನ್ನು ಹೆಂಗಸು ಪರದೆಯ ಹಿಂದೆ ತಾನೇ ತೆಗೆದುಕೊಡಬಹುದು. ಯಾರ ಮುಂದೆಯೂ ಬಟ್ಟೆ ಸರಿಸಬೇಕಿಲ್ಲ.

ಇದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ನಮ್ಮ ಬೀದರ, ಕಲಬುರಗಿಯ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗ ಧಾರಾಶಿವ) 1,31,746 ಹಳ್ಳಿ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಯಿತು. ಒಂದೇ ಒಂದು ಸಲದ ಎಚ್‌ಪಿವಿ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು ಎಂದು 2009ರಲ್ಲಿ ಪ್ರಕಟಿಸಿದರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ವಿನೆಗರ್ ಪರೀಕ್ಷೆ ಮಾಡಿಸಿದರು. ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಸಾವು ನೂರಕ್ಕೆ 31ರಷ್ಟು ಇಳಿಯಿತು. ‘ಡಾಕ್ಟರಿಲ್ಲ, ದುಡ್ಡಿಲ್ಲ’ ಎಂದು ರಾಗ ಎಳೆಯುವ ಅಧಿಕಾರಿಗಳು ಇದನ್ನು ಓದಲಿ.

30 ದಾಟಿದ ಎಲ್ಲ ಹೆಂಗಸರಿಗೂ 65ರವರೆಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿತು. ಎಚ್‌ಐವಿ ಇರುವವರಿಗೆ 25ರಿಂದಲೇ, ಮೂರರಿಂದ ಐದು ವರ್ಷಕ್ಕೊಮ್ಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಆದದ್ದೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಪರೀಕ್ಷೆ ಆದವರು ತಮಿಳುನಾಡಿನಲ್ಲಿ ನೂರಕ್ಕೆ ಹತ್ತರ ಹತ್ತಿರ. ಕರ್ನಾಟಕದಲ್ಲಿ ನೂರಕ್ಕೆ ಒಬ್ಬಳೂ ಇಲ್ಲ! ಕಾವೇರಿ ಎಂದರೆ ತಮಿಳುನಾಡಿನ ಮೇಲೆ ತೋಳೇರಿಸುವ ನಾವು ಈ ಲೆಕ್ಕದಲ್ಲಿ ಯಾಕೆ ತಲೆ ತಗ್ಗಿಸಿ ಕೂತಿದ್ದೇವೆ? ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಕೂತು ಕೇಳುತ್ತಿದ್ದೇನೆ.

ಕೊಡಗಿನ ಕಷ್ಟ ಬೆಂಗಳೂರಿನ ನಿಮಗೆ ತಿಳಿಯಲಿ. ಇಲ್ಲಿ ರೈಲಿಲ್ಲ. ಕುಟ್ಟದ ಕಡೆಯ ತೋಟದ ಲೈನ್‌ಮನೆಯಿಂದ ಮಡಿಕೇರಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಕಾಫಿ ಕುಯ್ಲಿನ ಕಾಲದಲ್ಲಿ ರೈಟರು ರಜೆ ಕೊಡುವುದಿಲ್ಲ. ಮಳೆಗಾಲದಲ್ಲಿ ರಸ್ತೆಯೇ ಇರುವುದಿಲ್ಲ, 2018 ನೆನಪಿದೆಯಲ್ಲ? ಇಂಥವಳಿಗೆ ‘ಗುಳಿಗೆ ಇವತ್ತು ತಗೋ, ಪರೀಕ್ಷೆಗೆ ಇನ್ನೊಂದು ದಿನ ಬಾ, ರಿಪೋರ್ಟಿಗೆ ಮತ್ತೊಂದು ದಿನ ಬಾ’ ಎಂದರೆ ಬರುತ್ತಾಳೆಯೇ? ಕೊನೆಗೆ ಕಾಯಿಲೆ ಬಲಿತ ಮೇಲೆ ಬೆಂಗಳೂರಿನ ಕಿದ್ವಾಯಿಯ ದಾರಿ ಹಿಡಿಯುತ್ತಾಳೆ. 1973ರಿಂದ ಇರುವ ದೊಡ್ಡ ಆಸ್ಪತ್ರೆ ಅದು. ಆದರೆ ಕೈ ಮೀರಿದ ಕಾಯಿಲೆಗೆ ಅಲ್ಲಿಯ ಡಾಕ್ಟರುಗಳೂ ಏನು ಮಾಡಿಯಾರು?

ಆದ್ದರಿಂದ ನಮ್ಮ ಬೇಡಿಕೆ ನಾಲ್ಕೇ.

ಒಂದು: ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದಲ್ಲೇ, ಗುಳಿಗೆಗೆ ಬಂದ ದಿನವೇ ಈ ಪರೀಕ್ಷೆ ಆಗಬೇಕು. ಬೆಳ್ಳಗೆ ಕಂಡರೆ ಸಾಧ್ಯವಾದಷ್ಟೂ ಅವತ್ತೇ ಚಿಕಿತ್ಸೆ. ಪರೀಕ್ಷೆ ಮಾಡಿ ಚಿಕಿತ್ಸೆಗೆ ಅಲೆಸುವುದು ಮೋಸ.

ಎರಡು: ಫಲಿತಾಂಶದ ಚೀಟಿ ಅವಳೇ ಓದುವಂಥ ಕನ್ನಡದಲ್ಲಿ ಇರಬೇಕು. ‘ಸರಿಯಿದೆ, ಇಂಥ ತಿಂಗಳು ಮತ್ತೆ ಬನ್ನಿ’ ಅಥವಾ ‘ಚಿಕಿತ್ಸೆ ಬೇಕು, ಇಂಥ ದಿನ ಇಂಥ ಕಡೆ ಬನ್ನಿ’. ಎರಡು ಸಾಲು ಸಾಕು. ಡಾಕ್ಟರಿಗೆ ಬೇಕಾದ ಇಂಗ್ಲಿಷು ಡಾಕ್ಟರ ಕಡತದಲ್ಲಿರಲಿ.

ಮೂರು: ಓದು ಬರದವರಿಗೆ, ತೋಟದ ತಮಿಳು, ಮಲಯಾಳಿ, ಯರವ ಹೆಂಗಸರಿಗೆ ಅವರವರ ಮಾತಿನಲ್ಲೇ ಪಕ್ಕ ಕೂರಿಸಿಕೊಂಡು ಹೇಳಬೇಕು. ನಮ್ಮ ಭಾಷೆಗೆ ಹಕ್ಕು ಕೇಳುವವರು ಇನ್ನೊಬ್ಬರ ತಾಯಿನುಡಿಯನ್ನು ತುಳಿಯಬಾರದು.

ನಾಲ್ಕು: ಹೆಣ್ಣುಮಕ್ಕಳಿಗೆ 9ರಿಂದ 14 ವಯಸ್ಸಿನೊಳಗೆ ಎಚ್‌ಪಿವಿ ಲಸಿಕೆ ಬಡವರ ಮನೆಗೂ ತಲುಪಬೇಕು. ಲಸಿಕೆ ಆದವರೂ ದೊಡ್ಡವರಾದ ಮೇಲೆ ಪರೀಕ್ಷೆ ಬಿಡಬಾರದು.

ಗೆಳೆಯರೇ, ನೀವೇನು ಮಾಡಬೇಕು? ನಿಮ್ಮ ಅಮ್ಮನನ್ನು, ಚಿಕ್ಕಮ್ಮನನ್ನು, ಅಕ್ಕನನ್ನು ಕೇಳಿ: ಪರೀಕ್ಷೆ ಆಗಿದೆಯೇ? ನಾಲಿಗೆ ತಡವರಿಸುತ್ತದೆ, ಗೊತ್ತು. ತಡವರಿಸಲಿ, ಕೇಳಿ. ಎಚ್‌ಐವಿ ಇದೆಯೇ ಎಂದು ಮಾತ್ರ ಯಾರನ್ನೂ ಕೇಳಬೇಡಿ. ಎಲ್ಲ ಹೆಂಗಸರಿಗೂ ಒಂದೇ ಕರಪತ್ರ ಕೊಡಿ. ಬೇಕಾದವಳು ತನ್ನ ಸಾಲನ್ನು ತಾನೇ ಓದಿಕೊಳ್ಳುತ್ತಾಳೆ.

ಆ ಕರಪತ್ರವನ್ನು ನನ್ನ ಖರ್ಚಿನಲ್ಲಿ ಅಚ್ಚು ಹಾಕಿದ್ದೇನೆ. ಪ್ರೂಫನ್ನು ಅವಳ ಮಗಳಿಗೆ ತೋರಿಸಿದೆ. ನಾನು ಬರೆದಿದ್ದ ‘ತಪಾಸಣೆ’ಯನ್ನು ಹೊಡೆದು ‘ಪರೀಕ್ಷೆ’ ಎಂದು ತಿದ್ದಿದಳು. ಈಗ ಅದರಲ್ಲಿ ಇಷ್ಟೇ ಇದೆ:

‘ಅಕ್ಕಾ, ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರನ್ನು ಬರುವ ಮೊದಲೇ ಹಿಡಿಯಬಹುದು. ಕೆಲವೇ ನಿಮಿಷದ ಪರೀಕ್ಷೆ. 30 ವರ್ಷ ಆದವರೆಲ್ಲ ಮಾಡಿಸಿಕೊಳ್ಳಿ. ಎಚ್‌ಐವಿ ಗುಳಿಗೆ ತೆಗೆದುಕೊಳ್ಳುವವರು 25ಕ್ಕೇ ಮಾಡಿಸಿಕೊಳ್ಳಿ. ಮುಟ್ಟಿಲ್ಲದಾಗ ರಕ್ತ ಹೋದರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಕಂಡರೆ, ಕೆಟ್ಟ ವಾಸನೆಯ ಬಿಳಿಸೆರಗು ಹೋದರೆ ಕಾಯಬೇಡಿ. ಇವತ್ತೇ ಹೋಗಿ.’

ಬೇಕಾದಷ್ಟು ಒಯ್ಯಿರಿ. ಮಡಚಿಕೊಡಲು ಈಗ ನಾನೇ ಆ ಸ್ಟೂಲಿನ ಮೇಲೆ ಕೂತಿದ್ದೇನೆ.