ಬಿಲ್ಲಿನ ಇನ್ನೊಂದು ಪ್ರತಿ ಎಲ್ಲಿದೆ?

ಕಂಪ್ಯೂಟರ್ ಕೊಂಡ ಬಿಲ್ಲಿಗೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಜೋಪಾನವಾಗಿರಲೆಂದು ಮಾಡಿಸಿ, ಕಾಡಿಗೆ ಬಳಿದಂತಾದ ಹಾಳೆಯನ್ನು ನನ್ನ ಮೇಜಿನ ಮೇಲೆ ತಂದಿಟ್ಟವರಿದ್ದಾರೆ. ಅಂಗಡಿಯ ಪುಟ್ಟ ಮೆಷಿನ್ನಿನಿಂದ ಬರುವುದು ಥರ್ಮಲ್ ಕಾಗದ; ಅದರ ಮೇಲೆ ಅಕ್ಷರ ಮೂಡುವುದು ಶಾಯಿಯಿಂದಲ್ಲ, ಬಿಸಿಯಿಂದ. ಲ್ಯಾಮಿನೇಶನ್ ಮೆಷಿನ್ನಿನ ಶಾಖಕ್ಕೆ ಇಡೀ ಹಾಳೆ ಕಪ್ಪಾಗುತ್ತದೆ. ಹಾಗೇ ಬಿಟ್ಟರೂ ಬಿಸಿಲು, ಸೆಕೆ ತಾಗಿ ಅಕ್ಷರ ಮಾಸುತ್ತದೆ. ಮದರ್‌ಬೋರ್ಡಿಗೆ ಮೂರು ವರ್ಷ ವಾರಂಟಿ. ಅದನ್ನು ಸಾಬೀತು ಮಾಡಬೇಕಾದ ಕಾಗದಕ್ಕೆ ಅಷ್ಟು ಆಯುಷ್ಯವಿಲ್ಲ.

ಶಿರಸಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಸೊಸೈಟಿಯವರು, ಅಡಿಕೆ ವ್ಯಾಪಾರಿಗಳು, ಡಿಟಿಪಿಯವರು ನನ್ನ ಗಿರಾಕಿಗಳು. ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾಯಿತೆಂದರೆ ಸತ್ತ ಎಸ್‌ಎಂಪಿಎಸ್, ಬೋರ್ಡು, ರೂಟರುಗಳು ಕೈಚೀಲದಲ್ಲಿ ಬರತೊಡಗುತ್ತವೆ. ಸಿಡಿಲಿಗೆ ಸುಟ್ಟದ್ದಕ್ಕೆ ವಾರಂಟಿ ಸಿಗದು, ಆ ಮಾತು ಬೇರೆ. (ಅರ್ಥಿಂಗ್ ಸರಿ ಮಾಡಿಸಿ ಎಂದು ಹೇಳಿ ಹೇಳಿ ಸಾಕಾಗಿದೆ.) ನನ್ನ ತಕರಾರು ತಾನಾಗಿಯೇ ಕೆಟ್ಟ ಸಾಮಾನಿನದು.

ಡಿಟಿಪಿ ಮಾಡುವ ಹೆಣ್ಣುಮಗಳೊಬ್ಬರ ಹಾರ್ಡ್‌ಡಿಸ್ಕ್ ಹೋಯಿತು. ಕೊಂಡದ್ದು ಬೇರೆ ಊರಿನಲ್ಲಿ. ಡಿಸ್ಕಿನ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿ ನೋಡಿದೆವು. ವಾರಂಟಿ ಇನ್ನೂ ಇತ್ತು. ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಅವರು ಒಯ್ದರೆ ಕೌಂಟರಿನಲ್ಲಿ ಕೇಳಿದ್ದು ಬಿಲ್ಲು. ‘ನಿಮ್ಮ ಸೈಟೇ ವಾರಂಟಿ ಇದೆ ಅಂತಿದೆಯಲ್ಲ ಸರ್?’ ಎಂದರಂತೆ. ‘ಇರ್ಲಿ ಮೇಡಂ, ಬಿಲ್ ಇಲ್ದೆ ಸಿಸ್ಟಂ ತಗೊಳ್ಳಲ್ಲ.’

ಈ ‘ಸಿಸ್ಟಂ ತಗೊಳ್ಳಲ್ಲ’ ಎಂಬುದನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯಿಂದ ಹೊರಬೀಳುವಾಗಲೇ ಆ ನಂಬರು ಕಂಪನಿಯ ದಾಖಲೆಗೆ ಹತ್ತಿರುತ್ತದೆ. ಮಾರಿದ ಅಂಗಡಿಯವನ ಬಳಿಯೂ ಬಿಲ್ಲಿನ ಪ್ರತಿ ಇರಲೇಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಎಂದರೆ ಮೂರು ವರ್ಷದ ವಾರಂಟಿ ಮುಗಿದ ಮೇಲೂ ಬಿಲ್ಲಿನ ಪ್ರತಿ ಅಂಗಡಿಯಲ್ಲಿರುತ್ತದೆ. ಟ್ಯಾಲಿಯಲ್ಲಿ ಹೆಸರು ಹೊಡೆದರೆ ನಿಮಿಷದ ಕೆಲಸ. ತೆರಿಗೆ ಇಲಾಖೆ ಕೇಳಿದರೆ ತೆಗೆದುಕೊಡುವ ನಾವು, ದುಡ್ಡು ಕೊಟ್ಟ ಗಿರಾಕಿ ಕೇಳಿದರೆ ‘ಹಳೇದೆಲ್ಲ ಸಿಗೋದಿಲ್ಲ’ ಎನ್ನುತ್ತೇವೆ.

ನನ್ನ ಸಹವ್ಯಾಪಾರಿಗಳಿಗೆ ಸಿಟ್ಟು ಬರುವ ಮಾತು ಇನ್ನೂ ಇದೆ. ಎಷ್ಟೋ ಬಿಲ್ಲುಗಳಲ್ಲಿ ‘ಅಸೆಂಬಲ್ಡ್ ಕಂಪ್ಯೂಟರ್ ಸೆಟ್ – 1’ ಎಂದಷ್ಟೇ ಇರುತ್ತದೆ. ಯಾವ ಬೋರ್ಡು, ಯಾವ ರ‍್ಯಾಮ್, ಸೀರಿಯಲ್ ನಂಬರೇನು, ಒಂದೂ ಇಲ್ಲ. ಅಂಥ ಬಿಲ್ಲನ್ನು ಎಷ್ಟು ಜೋಪಾನ ಮಾಡಿಟ್ಟರೂ ಕೆಟ್ಟ ಬೋರ್ಡು ಅದರದ್ದೇ ಎಂದು ಯಾರು ಹೇಳಬೇಕು? ಅದಕ್ಕಿಂತ ಕಡೆ, ಕಚ್ಚಾ ಬಿಲ್ಲು: ಅಂಗಡಿಯ ಹೆಸರೂ ಇಲ್ಲದ ‘ಎಸ್ಟಿಮೇಟ್’ ಚೀಟಿ. ಇದರಲ್ಲಿ ಗಿರಾಕಿಯ ಪಾಲೂ ಇದೆ. ‘ಬಿಲ್ಲೆಲ್ಲ ಬೇಡ ಮಾರಾಯ, ರೇಟು ಹೇಳು’ ಎನ್ನುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಮೂವತ್ತು ಸಾವಿರದ ಸಾಮಾನಿಗೆ ಶೇ 18ರಂತೆ 5,400 ರೂಪಾಯಿ ಉಳಿಯಿತೆಂದು ಖುಷಿ. ಬೋರ್ಡು ಕೈಕೊಟ್ಟ ದಿನ ಹೊಸದಕ್ಕೆ ಅದಕ್ಕಿಂತ ಹೆಚ್ಚು ತೆರುತ್ತಾರೆ. ಆದರೂ ಬಿಲ್ಲು ಕೊಡಬೇಕಾದವನು ಮಾರುವವನೇ. ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ಬಿಲ್ಲು ಎಷ್ಟು ಬೆಲೆಬಾಳುತ್ತದೆಂದು ಇಂಟೆಲ್‌ನ ಪ್ರಸಂಗದಲ್ಲಿ ಕಂಡಿತು. 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿ ವೋಲ್ಟೇಜಿನಿಂದ ಕೆಡುತ್ತಿವೆ ಎಂದು ಗೊತ್ತಾದ ಮೇಲೆ, 2024ರಲ್ಲಿ ಕಂಪನಿ ಅವಕ್ಕೆ ಎರಡು ವರ್ಷ ವಾರಂಟಿ ಹೆಚ್ಚಿಸಿತು. ಬಾಕ್ಸ್ ಪ್ರೊಸೆಸರಿಗೆ ಕೊಂಡ ದಿನದಿಂದ ಐದು ವರ್ಷ. ಡಬ್ಬಿಯಿಲ್ಲದೆ ಬರುವ ಟ್ರೇ ಪ್ರೊಸೆಸರ್ ಕೊಂಡವರು ಮಾರಿದವನನ್ನೇ ಕೇಳಬೇಕು. ಕೈಯಲ್ಲಿ ಎಸ್ಟಿಮೇಟ್ ಚೀಟಿ ಇದ್ದವನು ಯಾರನ್ನು ಕೇಳುತ್ತಾನೆ?

ಕಂಪನಿಗಳ ಅನುಮಾನ ಪೂರಾ ಸುಳ್ಳೂ ಅಲ್ಲ. ಕದ್ದ ಮಾಲು, ಬೇರೆ ದೇಶದ ಮಾರುಕಟ್ಟೆಗೆಂದು ಮಾಡಿ ಇಲ್ಲಿಗೆ ಬಂದ ಮಾಲು, ತಾರೀಕು ತಿದ್ದಿದ ಬಿಲ್ಲು ಎಲ್ಲವೂ ಓಡಾಡುತ್ತವೆ. ಅದಕ್ಕೆ ಪರಿಹಾರ ಸೀರಿಯಲ್ ನಂಬರಿನಲ್ಲೇ ಇದೆ. ಬಿಲ್ಲು ತಂದವರಿಗೆ ಕೊಂಡ ದಿನದಿಂದ ವಾರಂಟಿ ಎಣಿಸಿ. ಇಲ್ಲದವರಿಗೆ ಮಾಲು ಕಾರ್ಖಾನೆ ಬಿಟ್ಟ ದಿನದಿಂದ ಎಣಿಸಿ. ಗೋದಾಮಿನಲ್ಲಿ ಕಳೆದ ತಿಂಗಳುಗಳು ಬಿಲ್ಲು ಕಳೆದುಕೊಂಡವನಿಗೆ ನಷ್ಟ, ಅಷ್ಟೇ. ಪೂರಾ ವಾರಂಟಿ ನುಂಗಿಹಾಕುವುದು ಯಾವ ನ್ಯಾಯ?

ಅಲ್ಲಿಯವರೆಗೆ ಗಿರಾಕಿಗಳಿಗೆ ನಾನು ಹೇಳುವುದು: ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರು ಬರೆಸಿ, ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಫೋಟೊ ಹೊಡೆಯಿರಿ. ಸರ್ವಿಸ್ ಸೆಂಟರಿನವರು ಬೇಡವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಸಲೀಸಾಗಿ ಬರುವ ‘ಆಗಲ್ಲ’ ಲೆಟರ್‌ಹೆಡ್ಡಿನ ಮೇಲೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಬರೆದುಕೊಟ್ಟರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಐದು ಲಕ್ಷದೊಳಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮ ಆಯೋಗ ಇರುವುದು ಘಟ್ಟದ ಕೆಳಗೆ, ಕಾರವಾರದಲ್ಲಿ. ಒಂದು ಡಿಸ್ಕಿಗಾಗಿ ಅಷ್ಟು ದೂರ ಯಾರು ಬರುತ್ತಾರೆ ಎಂದು ಕೌಂಟರಿನವರು ಎಣಿಸಿದ್ದರೆ, ಈಗ ದೂರನ್ನು ಆನ್‌ಲೈನಿನಲ್ಲೂ ಹಾಕಬಹುದು.